ಮನೆ ಬಿಟ್ಟು ಹೊರಟವರ ಖರ್ಚು ಯಾರದು? ಕಳೆದ ಶತಮಾನದ ಆರಂಭದ ಇಂಗ್ಲಿಷ್ ಕಾದಂಬರಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಯಾವ ಕಾದಂಬರಿಗಳ ಮಾತು?

1902ರಿಂದ 1926ರವರೆಗೆ ಇಂಗ್ಲೆಂಡಿನಲ್ಲಿ ಬಂದ ಕೆಲವು ಕಾದಂಬರಿಗಳು. ಸ್ಯಾಮ್ಯುಯೆಲ್ ಬಟ್ಲರ್, ಆರ್ನಲ್ಡ್ ಬೆನೆಟ್, ಎಚ್. ಜಿ. ವೆಲ್ಸ್, ಇ. ಎಂ. ಫಾರ್ಸ್ಟರ್, ಜಾನ್ ಗಾಲ್ಸ್‌ವರ್ದಿ, ಡಿ. ಎಚ್. ಲಾರೆನ್ಸ್, ರಾಬರ್ಟ್ ಟ್ರೆಸೆಲ್, ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ ಬರೆದವು. ಇವರೆಲ್ಲ ಒಂದು ಗುಂಪಿನವರಲ್ಲ. ನಮ್ಮ ಬಂಡಾಯ ಸಾಹಿತ್ಯದ ಹಾಗೆ ಒಟ್ಟು ಸೇರಿ ನಡೆಸಿದ ಚಳವಳಿಯೂ ಇದಲ್ಲ. ಆದರೆ ಎಲ್ಲರ ಕತೆಯಲ್ಲೂ ಒಬ್ಬ ಹುಡುಗನೋ ಹುಡುಗಿಯೋ, ಕೆಲವೊಮ್ಮೆ ನಡುವಯಸ್ಸಿನವರೋ, ತಮಗೆ ಯಾರೋ ಗೊತ್ತುಮಾಡಿಟ್ಟ ಬದುಕು ಬೇಡ ಎಂದು ಎದ್ದು ನಿಲ್ಲುತ್ತಾರೆ.

ಈ ಪುಸ್ತಕಗಳನ್ನು ಓದುವಾಗ ನಾನು ಒಂದು ಪ್ರಶ್ನೆ ಕೈಯಲ್ಲಿ ಹಿಡಿದೇ ಓದುತ್ತೇನೆ. ಎದ್ದು ಹೊರಟವರ ಮಾರನೇ ದಿನದ ಊಟಕ್ಕೆ, ಆ ವಾರದ ಬಾಡಿಗೆಗೆ ದುಡ್ಡು ಎಲ್ಲಿಂದ ಬಂತು? ಇದನ್ನು ಕೇಳಿಕೊಂಡು ಓದಿದರೆ ಈ ಕಾದಂಬರಿಗಳು ಬೇರೆಯೇ ಕಾಣುತ್ತವೆ. ಕೆಳಗಿನ ಉತ್ತರಗಳಲ್ಲಿ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಇಂಥ ಕತೆಗಳು ಆ ಹೊತ್ತಿಗೇ ಇಷ್ಟು ಜಾಸ್ತಿ ಬಂದದ್ದು ಯಾಕೆ?

ಮೊದಲನೆಯದು, ಬರೆಯುವವರೇ ಬದಲಾದರು. 1870ರ ಶಿಕ್ಷಣ ಕಾಯ್ದೆಯ ನಂತರ ಊರೂರಿಗೆ ಶಾಲೆ ಬಂತು. ಓದು ಬರಹ ಕಲಿತ ಹೊಸ ಜನ ಬಂದರು. ವೆಲ್ಸ್ ಅವರ ಅಪ್ಪನದು ಸಣ್ಣ ಅಂಗಡಿ, ಅಮ್ಮ ದೊಡ್ಡ ಮನೆಯೊಂದರಲ್ಲಿ ಮನೆವಾರ್ತೆ ನೋಡಿಕೊಳ್ಳುತ್ತಿದ್ದರು. ವೆಲ್ಸ್ ಹದಿಹರೆಯದಲ್ಲಿ ಸೌತ್‌ಸೀ ಎಂಬಲ್ಲಿ ಬಟ್ಟೆ ಅಂಗಡಿಗೆ ಕೆಲಸ ಕಲಿಯಲು ಸೇರಿ, 1883ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದವರು. ಲಾರೆನ್ಸ್ ಅವರ ಅಪ್ಪ ಕಲ್ಲಿದ್ದಲು ಗಣಿಯ ಕೂಲಿ. ಇಂಥ ಮನೆಗಳ ಒಳಗಿನ ಮಾತು ಇವರಿಗೆ ಬಾಯಿಪಾಠವಾಗಿತ್ತು. ಅದಕ್ಕೆ ಮುಂಚೆ ಅಂಗಡಿ ಹುಡುಗರೂ ಗಣಿ ಕೂಲಿಗಳೂ ಕಾದಂಬರಿಗಳಲ್ಲಿ ಬರುತ್ತಿದ್ದರು ನಿಜ. ಹೆಚ್ಚಾಗಿ ಹೊರಗಿನಿಂದ ನೋಡಿದ ಹಾಗೆ ಬರುತ್ತಿದ್ದರು.

ಎರಡನೆಯದು ಪುಸ್ತಕದ ಬೆಲೆ. 19ನೇ ಶತಮಾನದ ಬಹುಭಾಗ ಹೊಸ ಕಾದಂಬರಿ ಎಂದರೆ ಮೂರು ಸಂಪುಟ. ಬೆಲೆ ಮೂವತ್ತೊಂದೂವರೆ ಶಿಲ್ಲಿಂಗ್. ಕೊಂಡು ಓದುವವರು ಕಡಿಮೆ. ಜನ ಚಂದಾ ಕಟ್ಟಿ ಮ್ಯೂಡಿಯಂಥ ಬಾಡಿಗೆ ಗ್ರಂಥಾಲಯಗಳಿಂದ ತಂದು ಓದುತ್ತಿದ್ದರು. ಮನೆಯ ಹುಡುಗಿಯರ ಕೈಗೆ ಕೊಡಬಾರದ ಪುಸ್ತಕ ಎಂದು ಗ್ರಂಥಾಲಯ ಬದಿಗಿಟ್ಟರೆ ಆ ಪುಸ್ತಕದ ಕತೆ ಅಲ್ಲಿಗೆ ಮುಗಿಯಿತು. 1894ರಲ್ಲಿ ಗ್ರಂಥಾಲಯಗಳೇ ಲೆಕ್ಕಾಚಾರಕ್ಕೆ ಬಿದ್ದು ಮೂರು ಸಂಪುಟ ಬೇಡ ಎಂದವು. ಆರು ಶಿಲ್ಲಿಂಗಿನ ಒಂದೇ ಸಂಪುಟದ ಕಾದಂಬರಿ ರೂಢಿಗೆ ಬಂತು. ಬರೆಯುವವರ ಕೈ ಸ್ವಲ್ಪ ಸಡಿಲವಾಯಿತು.

ಮೂರನೆಯದು ಕಾನೂನು. 1882ರ ಕಾಯ್ದೆಯಿಂದ ಮದುವೆಯಾದ ಹೆಂಗಸಿನ ಆಸ್ತಿ ಅವಳದೇ ಆಯಿತು. ವಿಚ್ಛೇದನ ಮಾತ್ರ ಹಳೆಯ ಹಾಗೇ ಉಳಿಯಿತು. ಹೆಂಡತಿಗೆ ಬೇರೆ ಸಂಬಂಧವಿದೆ ಎಂದು ತೋರಿಸಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಹೆಂಡತಿಗೆ ಅಷ್ಟು ಸಾಲದು, ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಕೂಡ ತೋರಿಸಬೇಕಿತ್ತು. ಈ ತಾರತಮ್ಯ ಹೋದದ್ದು 1923ರಲ್ಲಿ. ಒಂದು ಬಾಗಿಲು ತೆರೆದು ಇನ್ನೊಂದು ಮುಚ್ಚಿದ್ದ ಕಾಲ ಅದು. ಕಾದಂಬರಿಗಳು ಹುಟ್ಟಿದ್ದು ಆ ಎರಡರ ನಡುವೆ.

ಈ ಸಾಲಿನ ಮೊದಲ ಪುಸ್ತಕ ಯಾವುದು?

ಬರೆದ ಕಾಲ ನೋಡಿದರೆ ಬಟ್ಲರ್ ಅವರ 'ದಿ ವೇ ಆಫ್ ಆಲ್ ಫ್ಲೆಶ್'. ಬರೆದದ್ದು 1873ರಿಂದ 1884ರ ನಡುವೆ, ಅಚ್ಚಾದದ್ದು 1903ರಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಬಟ್ಲರ್ ತೀರಿಕೊಂಡಿದ್ದರು. ಬದುಕಿದ್ದಾಗ ಹೊರಗೆ ತರದೆ ಇಟ್ಟುಕೊಂಡದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಅದು ಬಹುಮಟ್ಟಿಗೆ ಅವರದೇ ಮನೆಯ ಕತೆ.

ಅರ್ನೆಸ್ಟ್ ಪಾಂಟಿಫೆಕ್ಸ್ ಎಂಬ ಹುಡುಗ. ಅಪ್ಪ ಥಿಯೊಬಾಲ್ಡ್ ಪಾದ್ರಿ. ಮನೆಯಲ್ಲಿ ಪ್ರಾರ್ಥನೆಗೂ ಏಟಿಗೂ ಕೊರತೆಯಿಲ್ಲ. ಹುಡುಗನೂ ಪಾದ್ರಿಯಾಗುತ್ತಾನೆ, ಲಂಡನ್ನಿನಲ್ಲಿ ದೊಡ್ಡದೊಂದು ತಪ್ಪು ಮಾಡಿ ಜೈಲಿಗೆ ಹೋಗುತ್ತಾನೆ. ಬಿಡುಗಡೆಯ ದಿನ ಅಪ್ಪ ಅಮ್ಮ ಕರೆದುಕೊಂಡು ಹೋಗಲು ಬಂದು ಕಾಯುತ್ತಿರುತ್ತಾರೆ. ಅವನು ಅವರ ಜೊತೆ ಹೋಗುವುದಿಲ್ಲ. ಇನ್ನು ನಿಮ್ಮ ನನ್ನ ದಾರಿ ಬೇರೆ ಎಂದು ಹೇಳಿಬಿಡುತ್ತಾನೆ. ಹಳೆಯ ಕಾದಂಬರಿಗಳಲ್ಲಿ ದಾರಿ ತಪ್ಪಿದ ಮಗ ಅಳುತ್ತಾ ಮನೆಗೆ ಮರಳುವ ಜಾಗ ಇದು. ಬಟ್ಲರ್ ಅದನ್ನೇ ಮಗ ಹೊರಟುಹೋಗುವ ಜಾಗ ಮಾಡಿದರು.

ಖರ್ಚಿನ ಪ್ರಶ್ನೆ ಕೇಳೋಣ. ಅರ್ನೆಸ್ಟ್ ಹಳೆಬಟ್ಟೆ ಮಾರುವ ಅಂಗಡಿ ಇಟ್ಟು ಒದ್ದಾಡುತ್ತಾನೆ. ಅಷ್ಟರಲ್ಲಿ ಸೋದರತ್ತೆ ಅಲಥಿಯಾ ಅವನಿಗೆಂದು ಗುಟ್ಟಾಗಿ ಬಿಟ್ಟುಹೋದ ಹಣ ಕೈಗೆ ಬರುತ್ತದೆ. ಅವಳು ಇಟ್ಟಿದ್ದು 15,000 ಪೌಂಡ್. ರೈಲ್ವೆ ಷೇರಿನಲ್ಲಿ ಬೆಳೆದು 70,000 ಆಗಿರುತ್ತದೆ. ಅಲ್ಲಿಂದ ಮುಂದೆ ಅವನು ತನಗೆ ಬೇಕಾದ ಹಾಗೆ ಬದುಕುತ್ತಾನೆ. ಬಟ್ಲರ್ ಇದನ್ನು ಮರೆಮಾಚಲಿಲ್ಲ. ದುಡ್ಡಿಲ್ಲದಿರುವುದೇ ದೊಡ್ಡ ಕಷ್ಟ ಎಂದು ಪುಸ್ತಕದ ಉದ್ದಕ್ಕೂ ಹೇಳುತ್ತಾರೆ. ನನಗೆ ಆ ನೇರತನ ಇಷ್ಟ.

ಎಲ್ಲವನ್ನೂ ದುಡ್ಡಿಗೆ ತಂದು ಕಟ್ಟುವುದು ಸರಿಯಾ? ಇವು ಸ್ವಾತಂತ್ರ್ಯದ ಕತೆಗಳಲ್ವಾ?

ಸ್ವಾತಂತ್ರ್ಯದ ಕತೆಗಳೇ. ಆದರೆ ದುಡ್ಡಿನ ಮಾತು ತೆಗೆದದ್ದು ನಾನಲ್ಲ, ಆ ಲೇಖಕರೇ. ಫಾರ್ಸ್ಟರ್ ಅವರ 'ಹವರ್ಡ್ಸ್ ಎಂಡ್' (1910) ನೋಡಿ. ಮಾರ್ಗರೆಟ್, ಹೆಲೆನ್ ಎಂಬ ಅಕ್ಕತಂಗಿ. ಓದಿದವರು, ಸಂಗೀತ ಸಾಹಿತ್ಯ ಅಂತ ಇರುವವರು, ಯಾರ ಮಾತಿಗೂ ಜಗ್ಗದವರು. ಮಾರ್ಗರೆಟ್ ಒಂದು ಕಡೆ ಚಿಕ್ಕಮ್ಮನಿಗೆ ಬಿಚ್ಚಿ ಹೇಳುತ್ತಾಳೆ: ನಾವೆಲ್ಲ ದುಡ್ಡಿನ ದ್ವೀಪದ ಮೇಲೆ ನಿಂತಿದ್ದೇವೆ, ನನ್ನ ಕಾಲ ಕೆಳಗೆ ವರ್ಷಕ್ಕೆ 600 ಪೌಂಡ್ ಇದೆ, ಹೆಲೆನ್ ಕಾಲ ಕೆಳಗೂ ಅಷ್ಟೇ ಇದೆ. ಕಾಲು ಗಟ್ಟಿ ನೆಲದ ಮೇಲಿರುವುದರಿಂದ ಅದು ಇದೆ ಎಂಬುದೇ ಮರೆತುಹೋಗಿದೆ ಎಂಬುದು ಅವಳ ಮಾತಿನ ಅರ್ಥ.

ಅದೇ ಪುಸ್ತಕದಲ್ಲಿ ಲಿಯೊನಾರ್ಡ್ ಬಾಸ್ಟ್ ಎಂಬ ಗುಮಾಸ್ತ ಇದ್ದಾನೆ. ವಿಮೆ ಕಂಪನಿಯಲ್ಲಿ ಕೆಲಸ. ಅವನ ಬಂಡಾಯ ಎಷ್ಟು ದೊಡ್ಡದು ಗೊತ್ತಾ? ಒಂದು ಶನಿವಾರ ರಾತ್ರಿ ಮನೆಗೆ ಹೋಗದೆ, ಲಂಡನ್ ದಾಟಿ, ಕಾಡಿನಲ್ಲಿ ನಕ್ಷತ್ರ ನೋಡುತ್ತಾ ಬೆಳಗಿನವರೆಗೆ ನಡೆಯುತ್ತಾನೆ. ಅಷ್ಟೇ. ಅಕ್ಕತಂಗಿಗೆ ಇದನ್ನು ಹೇಳುವಾಗ ಅವರಿಗೆ ಮೈ ಜುಮ್ಮೆನ್ನುತ್ತದೆ. ಬೆಳಗಿನ ಜಾವ ಅದ್ಭುತವಾಗಿತ್ತಾ ಎಂದು ಹೆಲೆನ್ ಕೇಳುತ್ತಾಳೆ. ಇಲ್ಲ ಎನ್ನುತ್ತಾನೆ ಲಿಯೊನಾರ್ಡ್. ಬರೀ ಬೂದು ಬಣ್ಣ ಇತ್ತು, ಸುಸ್ತಾಗಿತ್ತು, ಹಸಿವಾಗಿತ್ತು. ನನಗೆ ಈ ಒಂದು 'ಇಲ್ಲ' ಕಾದಂಬರಿಯ ಎಷ್ಟೋ ಪುಟಗಳಿಗಿಂತ ದೊಡ್ಡದು. ಅವನು ಓದಿದ ಪುಸ್ತಕಗಳು ಬೆಳಗಿನ ಜಾವದ ಬಗ್ಗೆ ಏನೇನೋ ಹೇಳಿಕೊಟ್ಟಿದ್ದವು. ಅದನ್ನು ಒಪ್ಪಿಸದೆ ತಾನು ಕಂಡದ್ದನ್ನು ಹೇಳುವ ಧೈರ್ಯ ಅವನಿಗಿತ್ತು.

ಮುಂದೆ ಆದದ್ದು? ಅವನ ಕಂಪನಿ ಮುಳುಗುತ್ತದೆ ಎಂದು ದೊಡ್ಡ ವ್ಯಾಪಾರಿ ವಿಲ್ಕಾಕ್ಸ್ ಅಕ್ಕತಂಗಿಯ ಹತ್ತಿರ ಹೇಳುತ್ತಾನೆ. ಮಾತು ಲಿಯೊನಾರ್ಡ್ ಕಿವಿಗೆ ಮುಟ್ಟುತ್ತದೆ. ಅವನು ಕೆಲಸ ಬಿಟ್ಟು ಕಡಿಮೆ ಸಂಬಳಕ್ಕೆ ಒಂದು ಬ್ಯಾಂಕ್ ಸೇರುತ್ತಾನೆ. ಅಲ್ಲಿ ಜನ ಕಡಿಮೆ ಮಾಡುವಾಗ ಅವನೂ ಹೊರಗೆ. ಕಂಪನಿ ಮಾತ್ರ ಮುಳುಗುವುದಿಲ್ಲ. ಕೊನೆಗೆ ಅವನು ಸಾಯುತ್ತಾನೆ. ಹೆಲೆನ್ ನೊಂದು 5,000 ಪೌಂಡ್ ಕೊಡಲು ಹೋಗಿರುತ್ತಾಳೆ, ಅವನು ತೆಗೆದುಕೊಂಡಿರುವುದಿಲ್ಲ. ಆ ಹಣವನ್ನು ಅವಳು ಮತ್ತೆ ಹೂಡುತ್ತಾಳೆ, ಮೊದಲಿಗಿಂತ ಇನ್ನೂ ಸ್ವಲ್ಪ ಸಿರಿವಂತಳಾಗುತ್ತಾಳೆ. ಫಾರ್ಸ್ಟರ್ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾರೆ. ಓದುವವರು ಅಲ್ಲಿ ನಿಲ್ಲಬೇಕು.

ಮನೆ ಬಿಡದೆ, ಯಾರ ಜೊತೆಗೂ ಜಗಳವಾಡದೆ ಮಾಡಿದ್ದು ಬಂಡಾಯ ಆಗುತ್ತದಾ?

ಆಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಸಾಲಿನಲ್ಲಿ ಮನಸ್ಸಿನಲ್ಲಿ ನಿಲ್ಲುವ ಬಂಡಾಯ ಅಂಥದ್ದೇ. ಬೆನೆಟ್ ಅವರ 'ಆ್ಯನಾ ಆಫ್ ದಿ ಫೈವ್ ಟೌನ್ಸ್' (1902). ಸ್ಟ್ಯಾಫರ್ಡ್‌ಶೈರಿನ ಕುಂಬಾರಿಕೆ ಪಟ್ಟಣಗಳು. ಎಲ್ಲೆಲ್ಲೂ ಭಟ್ಟಿ, ಹೊಗೆ, ಮೆಥಡಿಸ್ಟ್ ಚರ್ಚುಗಳು. ಆ್ಯನಾ ಟೆಲ್‌ರೈಟ್ ಅಪ್ಪ ಇಫ್ರೈಮ್ ಕಡು ಜಿಪುಣ. ಅವಳಿಗೆ 21 ತುಂಬಿದ ದಿನ ಅಪ್ಪ ಕಾಗದಪತ್ರಗಳ ಕಟ್ಟು ಮುಂದಿಟ್ಟು, ಇದೆಲ್ಲ ನಿನ್ನದು ಎನ್ನುತ್ತಾನೆ. ತಾಯಿಯ ಕಡೆಯಿಂದ ಬಂದ ಆಸ್ತಿ, ಸುಮಾರು 50,000 ಪೌಂಡ್. ಆ ಕಾಲಕ್ಕೆ ಅದು ಎಂಥ ದೊಡ್ಡ ಮೊತ್ತ ಎಂದರೆ, ಮಾರ್ಗರೆಟ್ ನಿಂತಿದ್ದ ದ್ವೀಪ ಇದರ ಮುಂದೆ ಏನೂ ಅಲ್ಲ. ಆದರೆ ಚೆಕ್ ಪುಸ್ತಕ ಅಪ್ಪನ ಹತ್ತಿರವೇ ಉಳಿಯುತ್ತದೆ. ಅವನು ತೋರಿಸಿದ ಕಡೆ ಅವಳು ಸಹಿ ಹಾಕುತ್ತಾಳೆ. ಕಾನೂನು ಕೊಟ್ಟ ಆಸ್ತಿಯನ್ನು ಮನೆಯ ಅಭ್ಯಾಸ ಹೀಗೆ ಕಸಿದುಕೊಳ್ಳುತ್ತದೆ.

ಅವಳ ಆಸ್ತಿಯಲ್ಲಿ ಒಂದು ಹಳೆಯ ಕಾರ್ಖಾನೆ ಕಟ್ಟಡವೂ ಇದೆ. ಬಾಡಿಗೆಗೆ ಇರುವವರು ಟೈಟಸ್ ಪ್ರೈಸ್ ಮತ್ತು ಮಗ ವಿಲ್ಲಿ. ಬಾಡಿಗೆ ಬಾಕಿ. ಅಪ್ಪ ಅವಳನ್ನೇ ವಸೂಲಿಗೆ ಕಳಿಸುತ್ತಾನೆ, ಅವಳ ಹೆಸರಿನಲ್ಲೇ ಹಿಂಡುತ್ತಾನೆ. ಪ್ರೈಸ್ ಕಡೆಯವರು ದಿಕ್ಕು ಕಾಣದೆ ಒಂದು ಹುಂಡಿ, ಅಂದರೆ ಇಂಥ ದಿನ ಹಣ ಕೊಡುತ್ತೇವೆ ಎಂದು ಸಹಿ ಹಾಕಿದ ಕಾಗದ, ಕೊಡುತ್ತಾರೆ. ಅದರ ಮೇಲಿನ ಸಹಿ ನಕಲಿ. ಆಮೇಲೆ ಟೈಟಸ್ ಪ್ರೈಸ್ ಪ್ರಾಣ ಕಳೆದುಕೊಳ್ಳುತ್ತಾನೆ. ನಕಲಿ ಹುಂಡಿ ಹೊರಗೆ ಬಂದರೆ ಮಗನಿಗೆ ಜೈಲು. ಆ್ಯನಾ ಅಪ್ಪನ ಕಾಗದಗಳ ನಡುವಿನಿಂದ ಅದನ್ನು ತೆಗೆದು ಸುಟ್ಟುಹಾಕುತ್ತಾಳೆ.

ಒಂದು ಕಾಗದದ ಚೂರು, ಅದೂ ಅವಳದೇ ಆಸ್ತಿಗೆ ಸೇರಿದ್ದು. ಹೊರಗಿನವರಿಗೆ ಇದರಲ್ಲಿ ಬಂಡಾಯ ಎಲ್ಲಿ ಕಾಣುತ್ತದೆ? ಆದರೆ ಅದನ್ನು ಓದುವಾಗ ನಮ್ಮ ಕೈಯೂ ನಡುಗುತ್ತದೆ. ಆ ಅಪ್ಪನ ಎದುರು ಅವಳು ಹುಟ್ಟಿದಂದಿನಿಂದ ಒಂದು ಮಾತು ಎತ್ತಿದವಳಲ್ಲ. ಅಪ್ಪ ಇದನ್ನು ಕ್ಷಮಿಸುವುದೂ ಇಲ್ಲ.

ಇಷ್ಟು ಮಾಡಿದವಳು ವಿಲ್ಲಿಯನ್ನು ಮದುವೆಯಾಗುತ್ತಾಳಾ? ಇಲ್ಲ. ಹೆನ್ರಿ ಮೈನರ್ಸ್ ಎಂಬ ಒಳ್ಳೆಯ ಹೆಸರಿನ ವ್ಯಾಪಾರಿಗೆ ಅವಳು ಮಾತು ಕೊಟ್ಟಾಗಿದೆ. ತಾನು ಪ್ರೀತಿಸುವುದು ವಿಲ್ಲಿಯನ್ನು ಎಂದು ಗೊತ್ತಾಗುವಾಗ ತಡವಾಗಿದೆ. ಮಾತು ತಪ್ಪಬೇಕು ಎಂಬುದು ಅವಳ ತಲೆಗೇ ಬರುವುದಿಲ್ಲ. ಆಸ್ಟ್ರೇಲಿಯಾಕ್ಕೆ ಹೊರಟ ವಿಲ್ಲಿ ಕೈಗೆ 100 ಪೌಂಡಿನ ನೋಟು ಇಟ್ಟ ಲಕೋಟೆ ಕೊಡುತ್ತಾಳೆ. ಅವನು ಆಸ್ಟ್ರೇಲಿಯಾ ತಲುಪುವುದಿಲ್ಲ. ಒಂದು ಸಲ ಎದ್ದು ನಿಲ್ಲಲು ಆದವಳಿಗೆ ಎರಡನೇ ಸಲ ಆಗಲಿಲ್ಲ. ಬೆನೆಟ್ ಅವಳನ್ನು ದೂರುವುದಿಲ್ಲ, ಅವಳ ಪರ ವಕಾಲತ್ತೂ ಮಾಡುವುದಿಲ್ಲ.

'ಆ್ಯನ್ ವೆರೊನಿಕಾ' ಬಗ್ಗೆ ಅಷ್ಟು ಗಲಾಟೆ ಆದದ್ದು ಯಾಕೆ?

ವೆಲ್ಸ್ ಅವರ ಈ ಕಾದಂಬರಿ 1909ರದು. 21ರ ಹುಡುಗಿ ಲಂಡನ್ ಹೊರಗಿನ ಬಡಾವಣೆಯೊಂದರಲ್ಲಿ ಅಪ್ಪ, ಅತ್ತೆ ಜೊತೆ ಇದ್ದಾಳೆ. ಜೀವಶಾಸ್ತ್ರ ಓದಬೇಕು ಎಂದು ಆಸೆ. ಲಂಡನ್ನಿನಲ್ಲಿ ವೇಷ ಹಾಕಿಕೊಂಡು ಕುಣಿಯುವ ಒಂದು ಕಾರ್ಯಕ್ರಮ, ರಾತ್ರಿ ಅಲ್ಲೇ ಉಳಿಯಬೇಕು. ಅಪ್ಪ ಕೂಡದು ಎನ್ನುತ್ತಾನೆ. ಅವಳು ಮನೆ ಬಿಡುತ್ತಾಳೆ. ಮುಂದೆ ಹೆಂಗಸರ ಮತದ ಹಕ್ಕಿನ ಚಳವಳಿ ಸೇರಿ, ಸಾಮಾನು ಸಾಗಿಸುವ ಮುಚ್ಚಿದ ಗಾಡಿಯಲ್ಲಿ ಅಡಗಿ ಪಾರ್ಲಿಮೆಂಟಿಗೆ ನುಗ್ಗಲು ಹೋಗಿ ಜೈಲು ಸೇರುತ್ತಾಳೆ. 1908ರ ಫೆಬ್ರವರಿಯಲ್ಲಿ ಚಳವಳಿಯವರು ನಿಜವಾಗಿಯೂ ಹಾಗೆ ಮಾಡಿದ್ದರು. ಕೊನೆಗೆ ಮದುವೆಯಾಗಿರುವ ತನ್ನ ಮೇಷ್ಟ್ರು ಕೇಪ್ಸ್ ಹತ್ತಿರ ತಾನೇ ಹೋಗಿ ಪ್ರೀತಿ ಹೇಳಿಕೊಳ್ಳುತ್ತಾಳೆ. ಗಲಾಟೆ ಎದ್ದದ್ದು ಇದಕ್ಕೇ. ಹುಡುಗಿ ತಾನಾಗಿ ಬಯಸಿದಳು, ಬಾಯಿಬಿಟ್ಟು ಹೇಳಿದಳು, ಅದಕ್ಕೆ ಅವಳಿಗೆ ಶಿಕ್ಷೆಯಾಗಲಿಲ್ಲ. ಮ್ಯಾಕ್‌ಮಿಲನ್ ಪ್ರಕಾಶನ ಈ ಪುಸ್ತಕ ಬೇಡ ಎಂದಿತು. ಫಿಶರ್ ಅನ್ವಿನ್ ತಂದರು. ಸ್ಪೆಕ್ಟೇಟರ್ ಪತ್ರಿಕೆ ಇದನ್ನು ವಿಷ ಎಂದು ಕರೆಯಿತು.

ನನಗೆ ಮುಖ್ಯವಾದದ್ದು ನಡುವಿನ ಭಾಗ. ಲಂಡನ್ನಿನಲ್ಲಿ ಕೋಣೆ ಹಿಡಿದ ಮೇಲೆ ಅವಳು ಕೆಲಸ ಹುಡುಕುತ್ತಾಳೆ. ಯಾವ ಕೆಲಸವೂ ಹೊಟ್ಟೆ ತುಂಬುವಷ್ಟಿಲ್ಲ. ಪರಿಚಯದ ಗೃಹಸ್ಥ ರಾಮೇಜ್ 40 ಪೌಂಡ್ ಸಾಲ ಕೊಡುತ್ತಾನೆ. ಅವಳು ಅದನ್ನು ಬರೀ ಸಾಲ ಎಂದುಕೊಂಡಿದ್ದಾಳೆ. ಅವನ ಮನಸ್ಸಿನಲ್ಲಿ ಬೇರೆ ಲೆಕ್ಕ. ಒಂದು ರಾತ್ರಿ ಹೋಟೆಲಿನ ಕೋಣೆಯಲ್ಲಿ ಬಾಗಿಲು ಹಾಕಿ ಮೈಮೇಲೆ ಬರುತ್ತಾನೆ, ಅವಳು ಗುದ್ದಿ ತಪ್ಪಿಸಿಕೊಳ್ಳುತ್ತಾಳೆ. ಅವನು ಆಡುವ ಮಾತಿನ ತಾತ್ಪರ್ಯ ಇಷ್ಟು: ದುಡ್ಡು ತೆಗೆದುಕೊಂಡಾಗಲೇ ನಿನಗೆ ಗೊತ್ತಿರಬೇಕಿತ್ತು. ಮನೆಯಿಂದ ಹೊರಬಿದ್ದ ಹುಡುಗಿಗೆ ಊರು ಸಾಲ ಕೊಡುವ ರೀತಿ ಇದು. ವೆಲ್ಸ್ ಬೇರೆ ಕಡೆ ಎಷ್ಟೇ ಎಡವಿರಲಿ, ಈ ಅಧ್ಯಾಯದಲ್ಲಿ ಅವರ ಕೈ ನಡುಗಿಲ್ಲ.

ಕೊನೆಯ ಅಧ್ಯಾಯದಲ್ಲಿ ನಾಲ್ಕು ವರ್ಷ ಕಳೆದಿದೆ. ಕೇಪ್ಸ್ ನಾಟಕ ಬರೆದು ಹೆಸರು ಮಾಡಿದ್ದಾನೆ, ಇಬ್ಬರ ಮದುವೆಯಾಗಿದೆ, ಅಪ್ಪನೂ ಅತ್ತೆಯೂ ಊಟಕ್ಕೆ ಬಂದಿದ್ದಾರೆ. ಮೇಜಿನ ಅಲಂಕಾರ ಸರಿಯಾಗಿದೆಯಾ ಎಂದು ಆ್ಯನ್ ವೆರೊನಿಕಾ ನೋಡುತ್ತಾಳೆ. ಹಲವರಿಗೆ ಇದು ಸೋಲು ಅನ್ನಿಸುತ್ತದೆ. ನನಗೂ ಅಷ್ಟು ಸಮಾಧಾನವಿಲ್ಲ. ಅವಳು ಓದಬೇಕೆಂದಿದ್ದ ಜೀವಶಾಸ್ತ್ರ ಏನಾಯಿತು ಎಂದು ಆ ಊಟದ ಮೇಜಿನ ಸುತ್ತ ಯಾರೂ ಕೇಳುವುದಿಲ್ಲ.

ಗಂಡಸರ ಬಂಡಾಯ ಬೇರೆ ಥರವಾ?

ಬೇರೆ. ಅವರಿಗೆ ಹೊರಟುಹೋಗುವುದು ಸಲೀಸು. 'ದಿ ಹಿಸ್ಟರಿ ಆಫ್ ಮಿಸ್ಟರ್ ಪಾಲಿ' (1910) ವೆಲ್ಸ್ ಅವರದೇ. ಫಿಶ್‌ಬೋರ್ನ್ ಎಂಬ ಸಣ್ಣ ಊರಿನಲ್ಲಿ ಪಾಲಿಗೆ ಬಟ್ಟೆ ಅಂಗಡಿ. ಹದಿನೈದು ವರ್ಷದಿಂದ ನಷ್ಟ, ಅಜೀರ್ಣ, ಹೆಂಡತಿ ಮಿರಿಯಮ್ ಜೊತೆ ಮುನಿಸು. ಅಂಗಡಿಗೆ ಬೆಂಕಿ ಇಟ್ಟು ಕತ್ತು ಕುಯ್ದುಕೊಂಡು ಸಾಯಬೇಕು, ವಿಮೆ ದುಡ್ಡು ಹೆಂಡತಿಗೆ ಸಿಗಲಿ ಎಂದು ಹೊರಡುತ್ತಾನೆ. ಬೆಂಕಿ ಹತ್ತುತ್ತದೆ, ಬೀದಿಯೇ ಉರಿಯುತ್ತದೆ. ಸಾಯುವುದು ಮರೆತೇಹೋಗುತ್ತದೆ. ಪಕ್ಕದ ಮನೆಯ ಕಿವಿ ಕೇಳದ ಮುದುಕಿಯನ್ನು ಮಾಡಿನ ಮೇಲಿಂದ ಇಳಿಸಿ ಊರಿಗೆ ಹೀರೋ ಆಗುತ್ತಾನೆ. ಆಮೇಲೆ ಅವನಿಗೆ ಹೊಳೆಯುತ್ತದೆ: ಪ್ರಪಂಚ ಹಿಡಿಸದಿದ್ದರೆ ಬದಲಾಯಿಸಬಹುದು. ವಿಮೆ ಹಣದಲ್ಲಿ ಸ್ವಲ್ಪ ಜೇಬಿಗೆ ಹಾಕಿಕೊಂಡು ಉಳಿದದ್ದನ್ನು ಮಿರಿಯಮ್‌ಗೆ ಬಿಟ್ಟು ಹೇಳದೆ ಕೇಳದೆ ನಡೆದುಬಿಡುತ್ತಾನೆ. ನದಿ ದಡದ ಪಾಟ್‌ವೆಲ್ ಇನ್ ಎಂಬ ಹೋಟೆಲಿನಲ್ಲಿ ದೋಣಿ ನಡೆಸುತ್ತಾ, ಕೈಗೆ ಸಿಕ್ಕ ಕೆಲಸ ಮಾಡುತ್ತಾ ನೆಲೆ ನಿಲ್ಲುತ್ತಾನೆ.

ಈ ಪುಸ್ತಕದ ಖುಷಿ ದೊಡ್ಡದು. ಪಾಲಿ ಹೊರಟ ಆ ಬೆಳಿಗ್ಗೆ ನನಗೂ ಅವನ ಜೊತೆ ನಡೆಯುವ ಆಸೆಯಾಗುತ್ತದೆ. ಆದರೂ ಮಿರಿಯಮ್ ಕಡೆಯಿಂದ ಒಂದು ಸಲ ಓದಿ ನೋಡಿ. ಅವಳಿಗೂ ಆ ಹದಿನೈದು ವರ್ಷ ಅದೇ ಕತ್ತಲೆ ಅಡುಗೆಮನೆ. ಪಾಲಿ ಕೆಲವು ವರ್ಷದ ಮೇಲೆ ಕದ್ದು ನೋಡಲು ಬಂದಾಗ ಅವಳು ತಂಗಿ ಜೊತೆ ಟೀ ಅಂಗಡಿ ನಡೆಸುತ್ತಿದ್ದಾಳೆ, ಗಂಡ ಸತ್ತ ಎಂದು ನಂಬಿದ್ದಾಳೆ. ಅಂಗಡಿ ಕಟ್ಟಿ ನಿಲ್ಲಿಸಿದ ಅವಳ ಕತೆಯನ್ನೂ ಯಾರಾದರೂ ಬರೆಯಬಹುದಿತ್ತು.

ಕೆಲಸ ಮಾಡಿ ತನ್ನ ದುಡ್ಡಿನಲ್ಲೇ ಬಿಡಿಸಿಕೊಂಡ ಹೆಣ್ಣು ಇಲ್ಲವಾ?

ಇದ್ದಾಳೆ. ಲಾರೆನ್ಸ್ ಅವರ 'ದಿ ರೇನ್‌ಬೋ' (1915) ಕಾದಂಬರಿಯ ಉರ್ಸುಲಾ ಬ್ರ್ಯಾಂಗ್‌ವೆನ್. ಅವಳು ಲಂಡನ್ ಹತ್ತಿರದ ಕಿಂಗ್‌ಸ್ಟನ್‌ನಲ್ಲಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕುತ್ತಾಳೆ. ಅಪ್ಪ ದೂರ ಕಳಿಸಲು ಒಪ್ಪುವುದಿಲ್ಲ. ಮನೆಯಿಂದ ಹೋಗಿ ಬರುವಷ್ಟು ಹತ್ತಿರದ ಬಡವರ ಶಾಲೆಯಲ್ಲಿ ಕೆಲಸ ಕೊಡಿಸುತ್ತಾನೆ. ಅರ್ಧ ಬಿಡುಗಡೆ.

ಮಕ್ಕಳನ್ನು ಪ್ರೀತಿಯಿಂದ ಗೆಲ್ಲಬೇಕು ಎಂದುಕೊಂಡು ಹೋದವಳಿಗೆ ತುಂಬಿದ ತರಗತಿ ಎದುರಾಗುತ್ತದೆ. ಅವಳ ಮಾತು ಯಾರೂ ಕೇಳುವುದಿಲ್ಲ. ಹೆಡ್‌ಮಾಸ್ಟರ್ ಹಾರ್ಬಿ ಎಲ್ಲರ ಮುಂದೆ ಅವಳನ್ನು ಹೀಯಾಳಿಸುತ್ತಾನೆ. ಒಂದು ದಿನ ವಿಲಿಯಮ್ಸ್ ಎಂಬ ಹುಡುಗನನ್ನು ಎಳೆದು ತಂದು ಬೆತ್ತದಿಂದ ಬಾರಿಸುತ್ತಾಳೆ. ಅವನು ಒದೆಯುತ್ತಾನೆ, ಕಿರುಚುತ್ತಾನೆ, ಅವಳು ನಿಲ್ಲಿಸುವುದಿಲ್ಲ. ಅಂದಿನಿಂದ ತರಗತಿ ಅವಳ ಮಾತು ಕೇಳುತ್ತದೆ. ತಿಂಗಳ ಸಂಬಳ ಅವಳದಾಗುತ್ತದೆ. ಅವಳೊಳಗೆ ಏನೋ ಮುರಿದಿರುತ್ತದೆ. ಲಾರೆನ್ಸ್ ಸ್ವತಃ 1908ರಿಂದ ಕ್ರಾಯ್ಡನ್‌ನಲ್ಲಿ ಮೇಷ್ಟ್ರಾಗಿದ್ದವರು. ಆ ಕೋಣೆಯ ಸದ್ದು ವಾಸನೆ ಎಲ್ಲ ಅವರಿಗೆ ಗೊತ್ತಿತ್ತು. ಒಬ್ಬರು ಮನೆಯ ಹಿಡಿತದಿಂದ ಬಿಡಿಸಿಕೊಳ್ಳಲು ಇನ್ನೊಬ್ಬರ ಮಗುವಿನ ಮೇಲೆ ಬೆತ್ತ ಎತ್ತಬೇಕಾಯಿತು ಎಂಬುದನ್ನು ಇಷ್ಟು ಬಿಡಿಸಿ ಬರೆದ ಪುಟಗಳು ನಾನು ಬೇರೆ ಕಡೆ ಓದಿಲ್ಲ.

'ದಿ ರೇನ್‌ಬೋ' ನಿಷೇಧವಾಗಿತ್ತು ಅಂತಾರೆ, ನಿಜವಾ?

ನಿಜ. 1915ರ ಸೆಪ್ಟೆಂಬರ್ ಕೊನೆಗೆ ಮೆಥುಯೆನ್ ಪ್ರಕಾಶನ ತಂದಿತು. ಅದೇ ವರ್ಷ ನವೆಂಬರ್ 13ರಂದು ಬೋ ಸ್ಟ್ರೀಟ್ ಕೋರ್ಟು ಅಶ್ಲೀಲ ಎಂದು ತೀರ್ಮಾನಿಸಿತು. ಅದಕ್ಕೆ ಬಳಸಿದ್ದು 1857ರ ಕಾಯ್ದೆ. ವಶಪಡಿಸಿಕೊಂಡ 1,011 ಪ್ರತಿಗಳನ್ನು ನಾಶಮಾಡಲು ಆದೇಶವಾಯಿತು. ಪ್ರಕಾಶಕರು ಪುಸ್ತಕದ ಪರ ನಿಲ್ಲಲಿಲ್ಲ, ಲೇಖಕರ ಮಾತು ಯಾರೂ ಕೇಳಲಿಲ್ಲ. ಯುದ್ಧದ ಕಾಲ ಬೇರೆ. ಸೈನಿಕನಾದ ಪ್ರಿಯಕರನಿಗೆ ಉರ್ಸುಲಾ ನಿನ್ನ ಯುದ್ಧ ಯಾತಕ್ಕೆ ಎಂದು ಮುಖಕ್ಕೇ ಕೇಳುತ್ತಾಳೆ. ಅದೂ ಕೆಲವರ ಕಣ್ಣು ಕೆಂಪಾಗಿಸಿತು. ಇಂಗ್ಲೆಂಡಿನಲ್ಲಿ ಮತ್ತೆ ಅಚ್ಚಾದದ್ದು 1926ರಲ್ಲಿ.

ಸಿರಿವಂತ ಮನೆಯ ಹೆಂಗಸರಿಗೆ ಬಂಡಾಯ ಸುಲಭವಿತ್ತಾ?

ಗಾಲ್ಸ್‌ವರ್ದಿ ಅವರ 'ದಿ ಮ್ಯಾನ್ ಆಫ್ ಪ್ರಾಪರ್ಟಿ' (1906) ಓದಿದರೆ ಹಾಗನ್ನಿಸುವುದಿಲ್ಲ. ಐರೀನ್ ಗಂಡ ಸೋಮ್ಸ್ ಫಾರ್ಸೈಟ್ ಮನೆ, ಚಿತ್ರ, ಹೆಂಡತಿ ಎಲ್ಲವನ್ನೂ ತನ್ನ ಸ್ವತ್ತು ಎಂದು ನೋಡುವವನು. ಅವಳ ಕೋಣೆಗೆ ಬಲವಂತವಾಗಿ ನುಗ್ಗುತ್ತಾನೆ. ಅಂದಿನ ಕಾನೂನಿನಲ್ಲಿ ಅದು ಅಪರಾಧವಲ್ಲ. ಅವಳು ಪ್ರಿಯಕರನಿಗಾಗಿ ಮನೆ ಬಿಡುತ್ತಾಳೆ, ಅವನು ಮಂಜಿನಲ್ಲಿ ಗಾಡಿಗೆ ಸಿಕ್ಕಿ ಸಾಯುತ್ತಾನೆ, ಹೋಗಲು ಜಾಗವಿಲ್ಲದೆ ಅವಳು ಅದೇ ಮನೆಗೆ ಬಂದು ಕುರ್ಚಿಯಲ್ಲಿ ಮುದುಡಿ ಕೂರುತ್ತಾಳೆ. ಅವಳು ನಿಜವಾಗಿ ಬಿಡಿಸಿಕೊಳ್ಳುವುದು ಮುಂದಿನ ಕತೆಗಳಲ್ಲಿ. ಅದರಲ್ಲಿ ಸೋಮ್ಸ್‌ನ ದೊಡ್ಡಪ್ಪ ವೃದ್ಧ ಜೋಲಿಯನ್ ಅವಳ ಹೆಸರಿಗೆ ಬಿಟ್ಟುಹೋದ 15,000 ಪೌಂಡಿನ ಪಾತ್ರ ದೊಡ್ಡದು. ಬಟ್ಲರ್ ಕತೆಯ ಸೋದರತ್ತೆ ಬಿಟ್ಟದ್ದೂ ಅಷ್ಟೇ ಮೊತ್ತ.

ಕೂಲಿಯವರ ಕತೆ?

ರಾಬರ್ಟ್ ಟ್ರೆಸೆಲ್ ಎಂಬ ಹೆಸರಿನಲ್ಲಿ ಬರೆದ ರಾಬರ್ಟ್ ನೂನನ್ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವರು. ಹೇಸ್ಟಿಂಗ್ಸ್ ಊರಿನಲ್ಲಿದ್ದರು. 1911ರಲ್ಲಿ ತೀರಿಕೊಂಡಾಗ ಕಾದಂಬರಿ ಹಸ್ತಪ್ರತಿಯಲ್ಲೇ ಇತ್ತು. ಮಗಳ ಪ್ರಯತ್ನದಿಂದ 1914ರಲ್ಲಿ 'ದಿ ರ್‍ಯಾಗೆಡ್ ಟ್ರೌಸರ್ಡ್ ಫಿಲಾಂತ್ರೊಪಿಸ್ಟ್ಸ್' ಬಂತು, ತುಂಬಾ ಕತ್ತರಿಸಿದ ರೂಪದಲ್ಲಿ. ಪೂರ್ತಿ ಪುಸ್ತಕ ಬಂದದ್ದು 1955ರಲ್ಲಿ.

ಫ್ರ್ಯಾಂಕ್ ಓವನ್ ಎಂಬ ಪೇಂಟರ್ ಊಟದ ಹೊತ್ತಿನಲ್ಲಿ ಜೊತೆಯವರಿಗೆ ಒಂದು ಆಟ ತೋರಿಸುತ್ತಾನೆ. ಎಲ್ಲರ ಡಬ್ಬಿಯಲ್ಲಿ ಉಳಿದ ಬ್ರೆಡ್ ಚೂರು ಸೇರಿಸುತ್ತಾನೆ, ಅದು ಕಚ್ಚಾ ಮಾಲು. ಮೂರು ಚಾಕು ಯಂತ್ರಗಳು. ಕೆಲವು ಚಿಲ್ಲರೆ ಕಾಸು ಬಂಡವಾಳ. ಮಾಲೀಕನಾಗಿ ತಾನೇ ಕೂರುತ್ತಾನೆ. ಜೊತೆಯವರು ಬ್ರೆಡ್ ಕತ್ತರಿಸಿ ಕೊಟ್ಟು ಕೂಲಿ ಪಡೆಯುತ್ತಾರೆ, ಹೊಟ್ಟೆಗೆ ಅದೇ ಬ್ರೆಡ್ಡನ್ನು ಅವನಿಂದಲೇ ಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕಾಸೆಲ್ಲ ಅವನ ಹತ್ತಿರ ಮರಳಿದೆ, ಬ್ರೆಡ್ ರಾಶಿಯೂ ಅವನದೇ, ಇವರ ಕೈ ಖಾಲಿ. ಇನ್ನು ಕೆಲಸವಿಲ್ಲ ಹೋಗಿ ಎನ್ನುತ್ತಾನೆ. ಜನ ನಗುತ್ತಾರೆ. ಮತ್ತೆ ಬಣ್ಣ ಬಳಿಯಲು ಏಳುತ್ತಾರೆ. ಮಾಲೀಕನ ಕೋಪಕ್ಕಿಂತ ಜೊತೆಯವರ ಈ ನಗು ಓವನ್‌ಗೆ ನೋವು ಕೊಡುವುದು. ಒಬ್ಬನೇ ಎದ್ದು ನಿಂತರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಹಿ ಉತ್ತರ ಈ ಸಾಲಿನಲ್ಲಿಲ್ಲ.

ಆ ಕಾಲದಲ್ಲಿ ಬರೆದೂ ಹೊರಗೆ ಬಾರದ ಕತೆಗಳಿವೆಯಾ?

ಫಾರ್ಸ್ಟರ್ ಅವರ 'ಮಾರಿಸ್'. 1913-14ರಲ್ಲಿ ಬರೆದದ್ದು. ಷೇರು ದಲ್ಲಾಳಿಯಾದ ಒಬ್ಬ ಗಂಡಸಿಗೂ ಬೇಟೆಕಾಡು ಕಾಯುವ ಅಲೆಕ್ ಸ್ಕಡರ್‌ಗೂ ಪ್ರೀತಿ. ಇಬ್ಬರೂ ಜೊತೆಯಾಗಿಯೇ ಉಳಿಯುತ್ತಾರೆ. ಸುಖಾಂತ್ಯ ಇರಲೇಬೇಕು ಎಂದು ಫಾರ್ಸ್ಟರ್ ಹಟ ಹಿಡಿದಿದ್ದರು. ಗಂಡಸರ ನಡುವಿನ ಸಂಬಂಧಕ್ಕೆ ಜೈಲು ಇದ್ದ ಕಾಲದಲ್ಲಿ ಇಂಥ ಕೊನೆ ಇಟ್ಟ ಪುಸ್ತಕ ಅಚ್ಚು ಮಾಡುವ ಹಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಕಾನೂನು ಸಡಿಲವಾದದ್ದು 1967ರಲ್ಲಿ. ಫಾರ್ಸ್ಟರ್ 1970ರಲ್ಲಿ ತೀರಿಕೊಂಡರು, ಪುಸ್ತಕ 1971ರಲ್ಲಿ ಬಂತು.

ಈ ಬಂಡಾಯಗಳ ದುಡ್ಡಿಗೂ ನಮ್ಮ ಕಡೆಗೂ ಸಂಬಂಧ ಇದೆಯಾ?

ಇದೆ. 'ಹವರ್ಡ್ಸ್ ಎಂಡ್'ನಲ್ಲಿ ಮಾರ್ಗರೆಟ್ ಮದುವೆಯಾಗುವ ವಿಲ್ಕಾಕ್ಸ್ ವ್ಯಾಪಾರ ಪಶ್ಚಿಮ ಆಫ್ರಿಕಾದ ರಬ್ಬರಿನದು. ಲೇಖಕಿ ವರ್ಜೀನಿಯಾ ವುಲ್ಫ್ 1929ರಲ್ಲಿ, ಬರೆಯುವ ಹೆಣ್ಣಿಗೆ ತನ್ನದೇ ಕೋಣೆ ಮತ್ತು ವರ್ಷಕ್ಕೆ 500 ಪೌಂಡ್ ಬೇಕು ಎಂದರಲ್ಲ, ಆ ಬರಹದಲ್ಲಿ ಮಾತಾಡುವ ಹೆಂಗಸಿಗೆ 500 ಪೌಂಡ್ ಬಂದದ್ದು ಅತ್ತೆಯಿಂದ. ಆ ಅತ್ತೆ ಸತ್ತದ್ದು ಬೊಂಬಾಯಿಯಲ್ಲಿ, ಕುದುರೆ ಮೇಲಿಂದ ಬಿದ್ದು. ಕತೆಯ ಆಚೆ ನೋಡಿದರೆ, 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಅದರ ಲಾಭಾಂಶ ಹೋಗುತ್ತಿದ್ದದ್ದು ಇಂಗ್ಲೆಂಡಿನ ಷೇರುದಾರರಿಗೆ. ಸುಮ್ನೆ ಕೂತಲ್ಲಿಗೆ ವರ್ಷ ವರ್ಷ ಬರುವ ಹಣದ ಮೇಲೆ ನಿಂತು ಎದ್ದ ಆ ಕಾಲದ ಬಂಡಾಯಗಳ ಹಿಂದೆ ಇಂಥ ನೆಲಗಳೂ ಇದ್ದವು. ಇದರಿಂದ ಆ ಪಾತ್ರಗಳ ನೋವು ಸುಳ್ಳಾಗುವುದಿಲ್ಲ. ದ್ವೀಪದ ತಳದಲ್ಲಿ ಇನ್ಯಾರಿದ್ದರು ಎಂಬುದನ್ನೂ ನಾವು ನೋಡಬೇಕು.

ಮದುವೆ, ಪ್ರೀತಿ ಯಾವುದೂ ಇಲ್ಲದ ಬಂಡಾಯ ಬೇಕು. ಯಾವುದು ಓದಲಿ?

'ಲಾಲಿ ವಿಲೋಸ್' (1926), ಸಿಲ್ವಿಯಾ ಟೌನ್‌ಸೆಂಡ್ ವಾರ್ನರ್ ಬರೆದದ್ದು. ಲಾರಾ ಮದುವೆಯಾಗದವಳು. ಅಪ್ಪ ಸತ್ತ ಮೇಲೆ ಸುಮಾರು ಇಪ್ಪತ್ತು ವರ್ಷ ಲಂಡನ್ನಿನಲ್ಲಿ ಅಣ್ಣನ ಮನೆ. ಮಕ್ಕಳಿಗೆಲ್ಲ ಅವಳು ಲಾಲಿ ಅತ್ತೆ. ಎಲ್ಲರಿಗೂ ಬೇಕು, ಯಾರಿಗೂ ಕಾಣುವುದಿಲ್ಲ. ಒಂದು ಸಂಜೆ ತರಕಾರಿ ಅಂಗಡಿಯಲ್ಲಿ ಹೂವು ಕೊಳ್ಳುತ್ತಾಳೆ. ಅಂಗಡಿಯವನು ಜೊತೆಗೆ ಬೀಚ್ ಮರದ ಕೊಂಬೆ ಇಡುತ್ತಾನೆ. ಇದು ಎಲ್ಲಿಯದು ಎಂದು ಕೇಳುತ್ತಾಳೆ. ಚಿಲ್ಟರ್ನ್ ಬೆಟ್ಟದ ಕಡೆಯದು. ಅವಳು ನಕಾಶೆ ಕೊಂಡು ತರುತ್ತಾಳೆ. ಊಟದ ಹೊತ್ತಿನಲ್ಲಿ, ನಾನು ಅಲ್ಲಿಗೆ ಹೋಗಿ ಇರುತ್ತೇನೆ ಎನ್ನುತ್ತಾಳೆ. ಅವಳಿಗೆ ಆಗ 47.

ಅವಳದೇ ಹಣ ಇದೆ, ಅಣ್ಣ ನೋಡಿಕೊಳ್ಳುತ್ತಿದ್ದಾನೆ. ಕೊಡು ಎಂದಾಗ ಅವನ ಮುಖ ಬಾಡುತ್ತದೆ. ಅವಳನ್ನು ಕೇಳದೆ ಷೇರಿಗೆ ಹಾಕಿ ಬಹಳಷ್ಟು ಕಳೆದಿದ್ದಾನೆ. ಲಾರಾ ಉಳಿದದ್ದನ್ನು ತೆಗೆದುಕೊಂಡು ಹೊರಡುತ್ತಾಳೆ. ಅಲ್ಲಿಯೂ ಅಣ್ಣನ ಮಗನೊಬ್ಬ ಹಿಂದೆಯೇ ಬಂದು, ಅತ್ತೆ ಇದು ಮಾಡಿಕೊಡು ಎಂದು ಶುರುಮಾಡುತ್ತಾನೆ. ಅವನನ್ನು ಓಡಿಸಲು ಲಾರಾ ಸೈತಾನನ ಸಹಾಯ ಪಡೆದು ಮಾಟಗಾತಿಯಾಗುತ್ತಾಳೆ. ಅರ್ಧದವರೆಗೆ ದಿನನಿತ್ಯದ ಕತೆ, ಆಮೇಲೆ ಇದು. ಒಂಟಿ ಹೆಂಗಸು ತನ್ನ ಪಾಡಿಗೆ ತಾನಿರಬೇಕು ಎಂದರೆ ಊರು ಒಪ್ಪುವ ಕಾರಣವೇ ಇಲ್ಲದಿದ್ದಾಗ ಕತೆ ಹಾಗೆ ತಿರುಗುವುದು ನನಗೆ ಪೂರ್ತಿ ಸಹಜ ಅನ್ನಿಸಿತು.

ಐರಿಷ್ ಲೇಖಕ ಜೇಮ್ಸ್ ಜಾಯ್ಸ್ ಯಾಕಿಲ್ಲ?

1916ರ ಅವರ ಕಾದಂಬರಿಯಲ್ಲಿ ಸ್ಟೀಫನ್ ಡೆಡಲಸ್ ಮನೆ, ಚರ್ಚು, ದೇಶ ಮೂರನ್ನೂ ಬಿಟ್ಟು ಹೊರಡುತ್ತಾನೆ. ಆದರೆ ಅದು ಐರ್ಲೆಂಡ್. ಅಲ್ಲಿನ ಚರ್ಚು ಬೇರೆ, ಇಂಗ್ಲೆಂಡಿನ ಆಳ್ವಿಕೆಯ ಕೆಳಗಿದ್ದ ನೆಲ ಬೇರೆ. ಇದರ ಜೊತೆ ಸೇರಿಸಿದರೆ ಎರಡಕ್ಕೂ ಅನ್ಯಾಯ.

ಎಲ್ಲಿಂದ ಶುರುಮಾಡಲಿ? ಕನ್ನಡಕ್ಕೆ ತರಬಹುದಾ?

ನಗು ಬೇಕಿದ್ದರೆ 'ಮಿಸ್ಟರ್ ಪಾಲಿ'. ಇಂಗ್ಲಿಷ್ ಸ್ವಲ್ಪ ಸರಳವಾಗಿರಲಿ ಎಂದರೆ 'ಆ್ಯನಾ'. ಲಾರೆನ್ಸ್ ಅವರನ್ನು ಹಿಡಿಯುವವರು ಮೊದಲು 'ಸನ್ಸ್ ಅಂಡ್ ಲವರ್ಸ್' (1913) ಓದಿ. ಗಣಿ ಕೂಲಿಯ ಮಗ ಪಾಲ್ ಮೊರೆಲ್ ವಾರಕ್ಕೆ ಎಂಟು ಶಿಲ್ಲಿಂಗಿನ ಕೆಲಸಕ್ಕೆ ಅಮ್ಮನ ಜೊತೆ ನಾಟಿಂಗ್‌ಹ್ಯಾಮ್‌ಗೆ ಹೋಗುವ ಅಧ್ಯಾಯ ಒಂದೇ ಸಾಕು, ಕೈ ಬಿಡುವುದಿಲ್ಲ. ಬಟ್ಲರ್, ಬೆನೆಟ್, ವೆಲ್ಸ್, ಲಾರೆನ್ಸ್ ಪುಸ್ತಕಗಳು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಅನುವಾದದ ವಿಷಯಕ್ಕೆ ಬಂದರೆ, ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಲಾರೆನ್ಸ್ 1930ರಲ್ಲಿ, ಬೆನೆಟ್ 1931ರಲ್ಲಿ, ಗಾಲ್ಸ್‌ವರ್ದಿ 1933ರಲ್ಲಿ, ವೆಲ್ಸ್ 1946ರಲ್ಲಿ ತೀರಿಕೊಂಡರು. ಇವರ ಪುಸ್ತಕಗಳನ್ನು ಯಾರ ಅನುಮತಿಯೂ ಇಲ್ಲದೆ ಕನ್ನಡಕ್ಕೆ ತರಬಹುದು. ಫಾರ್ಸ್ಟರ್ ಬದುಕಿದ್ದಾಗ ಬಂದ ಪುಸ್ತಕಗಳಿಗೆ 2030 ಮುಗಿಯುವವರೆಗೆ ಅನುಮತಿ ಬೇಕು. ವಾರ್ನರ್ 1978ರವರೆಗೆ ಬದುಕಿದ್ದರು, ಅವರದಕ್ಕೆ ಇನ್ನೂ ಜಾಸ್ತಿ ಕಾಯಬೇಕು. ಯಾರಾದರೂ ಕೈಹಾಕುವುದಾದರೆ 'ಆ್ಯನಾ'ದಿಂದ ಶುರುಮಾಡಿ ಎಂಬುದು ನನ್ನ ಬೇಡಿಕೆ.